ಹೆಂಡ್ತಿ ಕೈಲಿ ಹೊಡೆಸ್ಕೊಂಡ್ ಬಂದ್ರಾ ಅಂತ ನಕ್ಕರಲ್ಲ, ಅವರಿಗೆ

"ಏನ್ ಸಾರ್, ಹೆಂಡ್ತಿ ಕೈಲಿ ಹೊಡೆಸ್ಕೊಂಡ್ ಬಂದ್ರಾ?"

ಸ್ಟೇಷನ್ನಲ್ಲಿ ಮೊದಲು ಕೇಳಿದ್ದೇ ಇದು. ಪಕ್ಕದ ಟೇಬಲ್ಲಿನವರು ಫೈಲಿಂದ ತಲೆ ಎತ್ತಿ ನೋಡಿ ನಕ್ಕರು. ನಗಲಿ. ಆದ್ರೆ ರಾತ್ರಿ ಹನ್ನೊಂದು ಗಂಟೆಗೆ ಮೊಣಕೈವರೆಗೆ ಬ್ಯಾಂಡೇಜ್ ಸುತ್ಕೊಂಡು ಬಂದವನಿಗೆ ಕೂತ್ಕೊಳ್ಳಿ ಅಂತಾದ್ರೂ ಅನ್ನಬಹುದಿತ್ತಲ್ವಾ?

ನಡೆದದ್ದು ಇಷ್ಟು. ಒಲೆ ಮೇಲೆ ಕಾಯ್ತಿದ್ದ ದೋಸೆ ಕಾವಲಿ ತೆಗೆದು ಬೀಸಿದಳು, ನಾನು ಮುಖಕ್ಕೆ ಕೈ ಅಡ್ಡ ಹಿಡಿದೆ. ಜಗಳ ಯಾತಕ್ಕೆ ಅಂದ್ರೆ ಕರೆಂಟ್ ಬಿಲ್ಲಿಗೆ. ಇದೇ ಮೊದಲೂ ಅಲ್ಲ. ಉಗುರಿನ ಗೀರು, ಗೋಡೆಗೆ ಬಡಿದು ಚೂರಾದ ಮೊಬೈಲು, ನಡುರಾತ್ರಿ ಹೊರಗೆ ತಳ್ಳಿ ಚಿಲಕ, ಎಲ್ಲಾನೂ ಸಂಸಾರ ಅಂದ್ಮೇಲೆ ಇದ್ದದ್ದೇ ಅಂತ ಆರು ವರ್ಷ ನುಂಗಿದ್ದೆ. ಅವತ್ತು ನುಂಗಕ್ಕಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಮಗಳು ನಿಂತಿದ್ಲು. ಏಳು ವರ್ಷ. ಅಳಲಿಲ್ಲ, ಬಚ್ಚಲಿಗೆ ಓಡಿ ಟೂತ್‌ಪೇಸ್ಟ್ ತಂದು ನನ್ನ ಕೈಗೆ ಹಚ್ಚಿದಳು. ಸುಟ್ಟ ಗಾಯಕ್ಕೆ ಪೇಸ್ಟ್ ಹಚ್ಚಬಾರದು ಅಂತ ಆಮೇಲೆ ಡಾಕ್ಟರ್ ಬೈದ್ರು. ಬೈಸ್ಕೊಂಡೆ.

ಇಡೀ ಕಥೆಯಲ್ಲಿ ತನ್ನ ಕೆಲಸ ತಾನು ಮಾಡಿದ್ದು ಆ ಡಾಕ್ಟರಮ್ಮ ಒಬ್ಬರೇ. ನಾನು ಬೇಡ ಅಂದ್ರೂ ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿಗೆ ಬೇಕಾಗೋ ಗಾಯದ ದಾಖಲೆ, ಬರೆದ್ರು. ಸ್ಟೇಷನ್ನಲ್ಲಿ ಅದನ್ನ ನೋಡಿ, "ಎನ್‌ಸಿಆರ್ ಕೊಡ್ತೀವಿ, ಮನೆಗೆ ಹೋಗಿ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ್ರು. ಎನ್‌ಸಿಆರ್ ಅಂದ್ರೆ ಪೊಲೀಸರು ತಾವಾಗಿ ತನಿಖೆ ಮಾಡದ ದೂರಿಗೆ ಬರೆದುಕೊಡೋ ಚೀಟಿ. ಆಮೇಲೆ ವಕೀಲರು ಹೇಳಿದ್ಮೇಲೆ ಗೊತ್ತಾಗಿದ್ದು. ಭಾರತೀಯ ನ್ಯಾಯ ಸಂಹಿತೆಯಲ್ಲಿ 115(2) ಅಂದ್ರೆ ಕೈಲಿ ಹೊಡೆದಂಥ ಸಾಧಾರಣ ಪೆಟ್ಟು. ಅದನ್ನ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ದೆ ಪೊಲೀಸರು ತನಿಖೆ ಮಾಡಂಗಿಲ್ಲ. ಆದ್ರೆ ಕಾದ ವಸ್ತುವಿಂದ ಸುಟ್ಟರೆ ಅದು 118, ನೇರವಾಗಿ ಎಫ್‌ಐಆರ್ ಹಾಕಬೇಕಾದ್ದು. ಆ ಸೆಕ್ಷನ್ನಲ್ಲಿ ಗಂಡ ಅಂತಾಗಲಿ ಹೆಂಡ್ತಿ ಅಂತಾಗಲಿ ಎಲ್ಲೂ ಬರೆದಿಲ್ಲ. ಅಂದ್ರೆ ನನ್ನ ಕೈಗೆ ಕಾನೂನಲ್ಲಿ ಜಾಗ ಇತ್ತು. ಜಾಗ ಇಲ್ದೇ ಇದ್ದದ್ದು ಆ ಟೇಬಲ್ಲಲ್ಲಿ.

ಈಗ ಕೆಲವರು ಬರ್ತಾರೆ, "ಈ ಹೆಂಗಸರ ಕಾನೂನೇ ಸರಿ ಇಲ್ಲ ಗುರೂ" ಅಂತ ಹೆಗಲ ಮೇಲೆ ಕೈ ಹಾಕ್ಕೊಂಡು. ದಯವಿಟ್ಟು ದೂರ ಇರಿ. ನಮ್ಮಕ್ಕ ಉಳ್ಕೊಂಡಿದ್ದೇ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿಂದ. ಕುಡುಕ ಭಾವ ಮನೆಯಿಂದ ಆಚೆ ಹಾಕಿದ್ದವಳು, ಕೋರ್ಟಿನ ಆರ್ಡರ್ ಹಿಡ್ಕೊಂಡು ಅದೇ ಮನೆಗೆ ವಾಪಸ್ ಹೋದ್ಲು. ಆ ಕಾನೂನು ಇರಲಿ, ಗಟ್ಟಿಯಾಗಿಯೇ ಇರಲಿ. ನಾನು ಕೇಳ್ತಿರೋದು, ಅಂಥದ್ದೇ ಒಂದು ಆರ್ಡರ್ ನನಗೆ ಎಲ್ಲಿ ಸಿಗುತ್ತೆ ಅಂತ. ಸಿಗಲ್ಲ. ಆ ಕಾಯ್ದೆಯಲ್ಲಿ ಬಾಧಿತ ವ್ಯಕ್ತಿ ಅಂದ್ರೆ ಮಹಿಳೆ ಮಾತ್ರ. ತಮಾಷೆ ಕೇಳಿ, 2016ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯ ಎದುರುದಾರರ, ಅಂದ್ರೆ ಯಾರ ಮೇಲೆ ಅರ್ಜಿ ಹಾಕಬಹುದೋ ಅವರ, ವ್ಯಾಖ್ಯೆಯಿಂದ 'ವಯಸ್ಕ ಪುರುಷ' ಅನ್ನೋ ಮಾತನ್ನ ತೆಗೆದುಹಾಕಿತು. ಹಾಗಾಗಿ ಸೊಸೆ ಮೇಲೆ ಅತ್ತೆ ಅರ್ಜಿ ಹಾಕಬಹುದು. "ನಿಮ್ಮ ತಾಯಿಗೂ ಒಂದ್ಸಲ ತಳ್ಳಿದ್ಲು ಅಂದ್ರಲ್ಲ, ಅವರ ಹೆಸರಲ್ಲಿ ಹಾಕೋಣ" ಅಂದ್ರು ವಕೀಲರು. ಎಪ್ಪತ್ತೊಂದು ವರ್ಷದ ನಮ್ಮವ್ವ, "ಸೊಸೆ ಮೇಲೆ ಕೇಸ್ ಹಾಕಿ ಊರಲ್ಲಿ ಯಾವ ಮುಖ ಹೊತ್ಕೊಂಡು ಓಡಾಡ್ಲಿ ಮಗ" ಅಂದ್ಲು. ಅಲ್ಲಿಗೆ ಮುಗೀತು.

ಉಚಿತ ಕಾನೂನು ನೆರವಿನ ಆಫೀಸಿಗೂ ಹೋಗಿಬಂದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿ ಇಲ್ಲ, ನನ್ನಂಥ ಗಂಡಸಿಗೆ ಇದೆ. ನನ್ನ ಸಂಬಳದ ಚೀಟಿ ಆ ಗೆರೆ ದಾಟಿತ್ತಂತೆ. ಆ ಸಂಬಳದಲ್ಲೇ ಮನೆ ಸಾಲದ ಕಂತು, ಜೀವನಾಂಶ, ಈಗ ಇರೋ ರೂಮಿನ ಬಾಡಿಗೆ, ವಕೀಲರ ಫೀಸು. ಇರಲಿ ಬಿಡಿ.

ನಿಜವಾಗಿ ಹೊಟ್ಟೆ ಉರಿಯೋದು ಮಗಳ ವಿಷಯಕ್ಕೆ. ಆವತ್ತು ರಾತ್ರಿ ಮನೆಯಿಂದ ಹೊರಬಿದ್ದೆನಲ್ಲ, ಅದೇ ನನಗೆ ಮುಳುವಾಯ್ತು. ನಾನು ಹೊರಗೆ, ಮಗು ಒಳಗೆ. ಕಸ್ಟಡಿಗೆ ಅರ್ಜಿ ಹಾಕಿದಾಗ ಎದುರು ವಕೀಲರ ಮೊದಲ ವಾದವೇ "ತಂದೆಯೇ ಮನೆ ಬಿಟ್ಟು ಹೋಗಿದ್ದಾರೆ" ಅಂತ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತ 1956ರ ಕಾನೂನು ಹೇಳುತ್ತೆ. ನಮ್ಮದು ಏಳು ದಾಟಿದ ಮಗು, ಕಣ್ಣಾರೆ ನೋಡಿದ ಮಗು. ಆದ್ರೂ ಕೇಸು ಮುಗಿಯೋತನಕ ಇದ್ದಲ್ಲೇ ಇರಲಿ ಅಂತಾಯ್ತು. ನನಗೆ ಸಿಕ್ಕಿದ್ದು ತಿಂಗಳ ಮೊದಲನೇ ಮತ್ತು ಮೂರನೇ ಶನಿವಾರ, ಹನ್ನೊಂದರಿಂದ ಒಂದು, ಕೋರ್ಟಿನ ಮಕ್ಕಳ ಕೋಣೆಯಲ್ಲಿ. ಬಣ್ಣದ ಕುರ್ಚಿ, ಚಕ್ರ ಕಳಚಿದ ಆಟದ ಲಾರಿ, ಪಕ್ಕದಲ್ಲಿ ನನ್ನಂಥದೇ ಇನ್ನೊಂದಿಬ್ಬರು ಅಪ್ಪಂದಿರು. ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲ್ಲ.

ಅದಾದ್ರೂ ನೆಟ್ಟಗೆ ನಡೆಯುತ್ತಾ? ಒಂದ್ಸಲ ಹನ್ನೆರಡೂ ಮುಕ್ಕಾಲಿಗೆ ಕರ್ಕೊಂಡು ಬಂದ್ಲು, ಕಾಲು ಗಂಟೆ ಸಿಕ್ತು. ಮೂರು ಸಲ ಮಗುಗೆ ಜ್ವರ ಅಂತ ಮೆಸೇಜು. ಹೇಳಿದ್ರೆ ವಕೀಲರು "ಐಎ ಹಾಕೋಣ" ಅಂತಾರೆ, ಅಂದ್ರೆ ಕೇಸಿನ ನಡುವೆ ಹಾಕೋ ಇನ್ನೊಂದು ಅರ್ಜಿ. ಹಾಕಿದ್ರೆ ಅದಕ್ಕೊಂದು ತಕರಾರು, ತಕರಾರು ಸಲ್ಲಿಸಕ್ಕೆ ಸಮಯ, ಆಮೇಲೆ ಡೇಟು. ಡೇಟು ಬರೋ ಹೊತ್ತಿಗೆ ಇನ್ನೆರಡು ಶನಿವಾರ ಹೋಗಿರುತ್ತೆ. ಹೋದ ಶನಿವಾರನ ಯಾವ ಆರ್ಡರ್ರೂ ವಾಪಸ್ ತಂದ್ಕೊಡಲ್ಲ.

ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯದ ಮೇಲೆ ವಿಚ್ಛೇದನ ಗಂಡನೂ ಕೇಳಬಹುದು, ಕೇಳಿದ್ದೀನಿ. ಮಧ್ಯಸ್ಥಿಕೆಗೆ ಕಳಿಸಿದ್ರು. ಕೂತಿದ್ದ ಹಿರಿಯರು ನನ್ನ ಕೈಯಿನ ಕಲೆ ನೋಡಿ, "ನೀವೇನ್ ಮಾಡಿದ್ರಿ ಅವರು ಹಂಗ್ ಮಾಡಕ್ಕೆ?" ಅಂದ್ರು. ಅಲ್ಲಾ ಸ್ವಾಮಿ, ಇದೇ ಪ್ರಶ್ನೆನ ನಮ್ಮಕ್ಕನಿಗೆ ಯಾರೋ ಕೇಳಿದಾಗ ನಾನು ಎದ್ದುನಿಂತು ಜಗಳ ಆಡಿದ್ದೆ. ನನ್ನ ಪರವಾಗಿ ಎದ್ದು ನಿಲ್ಲಕ್ಕೆ ಆ ರೂಮಲ್ಲಿ ಯಾರೂ ಇರಲಿಲ್ಲ.

ನಾಳಿದ್ದು ಮೂರನೇ ಶನಿವಾರ. ನಮ್ಮ ಫ್ಯಾಕ್ಟರಿಗೆ ಶನಿವಾರ ಕೆಲಸದ ದಿನ. ರಜೆ ಚೀಟಿ ಕೊಟ್ರೆ ಸೂಪರ್‌ವೈಸರ್ರು ತಿಂಗಳಿಗೆ ಎರಡೆರಡು ಶನಿವಾರ ಏನಪ್ಪಾ ನಿಂದು, ಕಾರಣ ಬರಿ ಅಂದ್ರು. ಹಿಂದೆ ನಾಲ್ಕು ಜನ ನಿಂತಿದ್ರು, ಎಲ್ಲಾ ಗಂಡಸರೇ. ಪೆನ್ನು ಹಿಡ್ಕೊಂಡು ಒಂದು ನಿಮಿಷ ನಿಂತೆ. ಆಮೇಲೆ ಜ್ವರ ಅಂತ ಬರೆದೆ.