ಹೆಜ್ಜೆ ಚಿಕ್ಕದಾದರೆ ಮೊಣಕಾಲಿಗೆ ಹಗುರ

ಓಡುವಾಗ ಕಾಲನ್ನು ತುಂಬಾ ಮುಂದಕ್ಕೆ ಚಾಚಬೇಡಿ ಅನ್ನುವ ಮಾತು ನೂರಕ್ಕೆ ನೂರು ಸರಿ. ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕ್‌ನಲ್ಲಿ ಎರಡು ವರ್ಷ ಹಾಗೆ ಕಾಲು ಚಾಚಿಯೇ ಓಡಿ ನನ್ನ ಬಲ ಮೊಣಕಾಲು ನೋವು ಹಿಡಿದಿತ್ತು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಿತ್ತು. ಆಮೇಲೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿದೆ: 156. ವೇಗ ಹೆಚ್ಚಿಸದೆ, ಹೆಜ್ಜೆ ಚಿಕ್ಕದು ಮಾಡಿ 166ಕ್ಕೆ ತಂದೆ. ಪಾದ ಸೊಂಟದ ಕೆಳಗೇ ಬೀಳತೊಡಗಿತು, ಟಪ್ ಟಪ್ ಸದ್ದೂ ಕಡಿಮೆಯಾಯಿತು. ನೋವು ಹೋಗಲು ಎರಡು ತಿಂಗಳು ಬೇಕಾಯಿತು. ಓಟಗಾರರು ಹೇಳುವ ಹಾಗೆ ಎಲ್ಲರಿಗೂ ನಿಮಿಷಕ್ಕೆ 180 ಹೆಜ್ಜೆ ಆಗಲೇಬೇಕು ಅಂತೇನಿಲ್ಲ. ಈಗಿರುವುದಕ್ಕಿಂತ ಶೇ. 5ರಿಂದ 10ರಷ್ಟು ಜಾಸ್ತಿ ಮಾಡಿದರೂ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆ.

ಮಲ್ಪೆ ಬೀಚಲ್ಲಿ ಓಡುವವರಿಗೆ ಇನ್ನೊಂದು ಮಾತು. ನೀರಿನ ಅಂಚಿನ ಮರಳು ಇಳಿಜಾರು, ಅಲ್ವಾ? ಸಮುದ್ರದ ಕಡೆಯ ಕಾಲು ಯಾವಾಗಲೂ ತಗ್ಗಿನಲ್ಲಿ. ಹೋದಷ್ಟೇ ದೂರ ವಾಪಸ್ ಓಡಿ, ಆಗ ಎರಡೂ ಕಾಲಿಗೆ ಸಮ ಆಗುತ್ತದೆ. ಸಮುದ್ರದ ನೀರು ಇಳಿದ ಹೊತ್ತು ನೋಡಿಕೊಂಡು ಹೋದರೆ ಗಟ್ಟಿ ಮರಳೂ ಸಿಗುತ್ತದೆ.