ಲ್ಯಾಬ್ ಇಲ್ಲ ಅಂತ ಕೈಕಟ್ಟಿ ಕೂರಬೇಕಿಲ್ಲ

ಹಾಸನದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುವ ಮಕ್ಕಳು ಪ್ರಾಜೆಕ್ಟ್ ಅಂದ ತಕ್ಷಣ ಬೆಂಗಳೂರಿನ ಬಸ್ ಹತ್ತುತ್ತಾರೆ. "ಇಲ್ಲಿ ಲ್ಯಾಬ್ ಇಲ್ವಲ್ಲ ಸರ್" ಅನ್ನುತ್ತಾರೆ. ಕಂಪ್ಯೂಟರ್ ಒಂದಿದ್ದರೆ ಮಾಡಬಹುದಾದ ಗಟ್ಟಿ ಕೆಲಸವೂ ಇದೆ. ಅದನ್ನು ಮೇಷ್ಟ್ರುಗಳಾದ ನಾವು ಹೇಳಿಕೊಡುತ್ತಿಲ್ಲ ಅನ್ನೋದೇ ನನ್ನ ಸಂಕಟ.

ಪರಮಾಣುವಿನಷ್ಟೇ ತೆಳ್ಳಗಿನ ಹಾಳೆಗಳ ವಿಷಯ ಹೇಳುತ್ತಿದ್ದೇನೆ. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅಂಟು ಟೇಪು ಹಚ್ಚಿ ಗ್ರಾಫೈಟಿನಿಂದ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ, ಕಿತ್ತರು. 2010ರಲ್ಲಿ ನೊಬೆಲ್ ಬಂತು. ಬೇಲೂರು, ಹಳೇಬೀಡಿನ ಬಳಪದ ಕಲ್ಲೂ ಒಳಗೆ ಪದರ ಪದರವೇ. ಪದರಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಉಳಿಗೆ ಅಷ್ಟು ಮೆತ್ತಗೆ ಒಗ್ಗುತ್ತದೆ. ಇಂಥ ಪದರದ ವಸ್ತುಗಳಿಗಾಗಿ ಒಂದು ಲಕ್ಷಕ್ಕೂ ಜಾಸ್ತಿ ಸಂಯುಕ್ತಗಳನ್ನು ಕಂಪ್ಯೂಟರಿನಲ್ಲೇ ಜಾಲಾಡಿದ ಅಧ್ಯಯನ 2018ರಲ್ಲಿ ಬಂತು. ಹಾಳೆಯಾಗಿ ಬಿಡಿಸಬಹುದು ಅಂತ ಸಿಕ್ಕಿದ್ದು 1,825.

ಲೆಕ್ಕ ಮುಂದೆ ಹೋಗಿ ಪ್ರಯೋಗ ಹಿಂದೆ ಬಂದದ್ದೂ ಉಂಟು. ಎರಡು ಗ್ರಾಫೀನ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸುಮಾರು 1.1 ಡಿಗ್ರಿ ತಿರುಗಿಸಿದರೆ ಎಲೆಕ್ಟ್ರಾನುಗಳ ಓಟ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ ಅಂತ ಬಿಸ್ಟ್ರಿಟ್ಜರ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಭೌತವಿಜ್ಞಾನಿಗಳು 2011ರಲ್ಲೇ ಲೆಕ್ಕ ಹಾಕಿದ್ದರು. 2018ರಲ್ಲಿ ಎಂಐಟಿಯ ಹಾರಿಯೊ-ಎರ್ರೆರೊ ತಂಡಕ್ಕೆ ಅದೇ ಕೋನದಲ್ಲಿ ಸೂಪರ್‌ಕಂಡಕ್ಟಿವಿಟಿ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣ, ಸಿಕ್ಕಿತು!

ವಸ್ತುಗಳೊಳಗೆ ಎಲೆಕ್ಟ್ರಾನುಗಳು ಹೇಗಿರುತ್ತವೆ ಅಂತ ಇಂಥ ಲೆಕ್ಕ ಹಾಕುವ ಕ್ವಾಂಟಮ್ ಎಸ್ಪ್ರೆಸೊ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಗ್ರಾಫೀನ್‌ಗೆ ಒಂದು ಸಣ್ಣ ಫೈಲ್ ಬರೆದರೆ ಸಾಕು. ಎರಡು ಕಾರ್ಬನ್ ಪರಮಾಣು, ಜೋಡಣೆ ಮರುಕಳಿಸುವ 2.46 ಆಂಗ್‌ಸ್ಟ್ರಾಮ್ ಅಳತೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಹಾಳೆಯ ಮೇಲೆ ಹದಿನೈದು ಆಂಗ್‌ಸ್ಟ್ರಾಮ್ ಖಾಲಿ ಜಾಗ. ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ಹೀಗೆ ಲೆಕ್ಕ ಹಾಕಿದ ಹುಡುಗಿಯೊಬ್ಬಳಿಗೆ ಗ್ರಾಫೀನ್‌ನಲ್ಲಿ ಇರಬಾರದ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನಿನ ಶಕ್ತಿಯ ಪಟ್ಟಿಗಳಾದ ಬ್ಯಾಂಡುಗಳ ನಡುವಿನ ಖಾಲಿ ಅಂತರ) ಕಂಡಿತು. ಲೆಕ್ಕ ಹಾಕಲು ಕೊಟ್ಟ ಬಿಂದುಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾ ಹೋದಳು. ಬ್ಯಾಂಡುಗಳು ಒಂದಕ್ಕೊಂದು ಕೂಡುವ, 'ಕೆ' ಅಂತ ಕರೆಯುವ ಬಿಂದುವೇ ಅದರಲ್ಲಿ ಇರಲಿಲ್ಲ. ಸೇರಿಸಿದಳು, ಗ್ಯಾಪ್ ಮಾಯ. ಅವತ್ತು ಅವಳು ಕಲಿತದ್ದನ್ನು ನನ್ನ ಯಾವ ಪಾಠವೂ ಕಲಿಸಿರಲಿಲ್ಲ.

ಲೆಕ್ಕದ ಮಿತಿಯನ್ನೂ ಜೊತೆಗೇ ಹೇಳಿಕೊಡಬೇಕು. ಈ ಸಾಫ್ಟ್‌ವೇರ್ ಬಳಸುವ ಡಿಎಫ್‌ಟಿ ಎಂಬ ವಿಧಾನದ ಸಾಮಾನ್ಯ ಲೆಕ್ಕದಲ್ಲಿ ಬ್ಯಾಂಡ್ ಗ್ಯಾಪ್ ನಿಜಕ್ಕಿಂತ ಕಮ್ಮಿ ಬರುತ್ತದೆ. ಸಿಲಿಸೀನ್ ಅನ್ನೋ ಸಿಲಿಕಾನ್ ಹಾಳೆ ಲೆಕ್ಕದಲ್ಲಿ ಚೆನ್ನ, ಆದರೆ ನಿಜದಲ್ಲಿ ಗಾಳಿ ಸೋಕಿದರೆ ಕೆಡುತ್ತದೆ. ಇದೆಲ್ಲ ಗೊತ್ತಿಲ್ಲದೆ ಸುಮ್ನೆ ಗ್ರಾಫ್ ತೆಗೆದು ರಿಪೋರ್ಟ್ ಬೈಂಡ್ ಮಾಡಿಸಿದರೆ ಅದು ಪ್ರಾಜೆಕ್ಟ್ ಅಲ್ಲ.

ನಮ್ಮೂರ ಎಷ್ಟೋ ಕಾಲೇಜುಗಳಲ್ಲಿ ಸಂಜೆಯಾದರೆ ಕಂಪ್ಯೂಟರ್ ಲ್ಯಾಬಿಗೆ ಬೀಗ ಬೀಳುತ್ತದೆ. ಪ್ರಾಂಶುಪಾಲರು ದಯವಿಟ್ಟು ವಾರಕ್ಕೆರಡು ಸಂಜೆ ತೆರೆದಿಡಿ. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ ಎಲ್ಲೇ ಇರಲಿ, ಶನಿವಾರ ನಾನೇ ಬಂದು ಮಕ್ಕಳ ಜೊತೆ ಕೂರುತ್ತೇನೆ. ಇನ್‌ಬಾಕ್ಸಿಗೆ ಒಂದು ಮೆಸೇಜ್ ಹಾಕಿ.