ಜೀವ ಇದೆ, ಏಳ್ತಿಲ್ಲ

ಹಳೇ ಲ್ಯಾಪ್‌ಟಾಪ್ ಪೂರ್ತಿ ಸತ್ತರೆ ಚಿಂತೆ ಇಲ್ಲ. ಅರ್ಧ ಸತ್ತರೆ ಕಷ್ಟ. ನಮ್ಮನೆಯದು ಅರ್ಧ ಸತ್ತಿತ್ತು. ಪವರ್ ಬಟನ್ ಒತ್ತಿದರೆ ನೀಲಿ ದೀಪ ಹತ್ತುತ್ತದೆ, ಫ್ಯಾನ್ ಸುಂಯ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು. ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ. ಆಮೇಲೆ ತಾನಾಗೇ ಹತ್ತಿ, ಮತ್ತೆ ಸುಂಯ್.

2012ರಲ್ಲಿ ತಗೊಂಡಿದ್ದು, ವಿಂಡೋಸ್ 7. ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ಬರುವುದು ನಿಂತಿತು. ಅಪ್ಪನಿಗೆ ಅದರಿಂದ ಖುಷಿಯೇ ಆಗಿತ್ತು. ‘ಇನ್ಮೇಲೆ ಕೆಲಸದ ಮಧ್ಯೆ ಆಫ್ ಮಾಡಬೇಡಿ, ಕಾಯಿರಿ ಅನ್ನೋ ಕಾಟ ಇಲ್ಲ’ ಅಂದಿದ್ದರು.

ಹೊಸದು ತಗೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ತೊಡಕು ಇರುವುದು ‘ನುಡಿ’ಯಲ್ಲಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಕಲಿತವರು. ನಮ್ಮ ವಂಶಾವಳಿ, ಜಮೀನಿನ ತಕರಾರು ಅರ್ಜಿಗಳು, ಎಲ್ಲವನ್ನೂ ಹಳೇ ನುಡಿ ಫಾಂಟಿನಲ್ಲೇ ಟೈಪ್ ಮಾಡಿಟ್ಟಿದ್ದಾರೆ. ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ನ’ ಇದ್ದ ಕಡೆಯೆಲ್ಲ ಬ್ರಿಟಿಷರ ಪೌಂಡ್ ಚಿಹ್ನೆ ಕಾಣುತ್ತದೆ. ನಂಜನಗೂಡು ಅಂದರೆ ಎರಡು ಪೌಂಡ್. ನನ್ನ ಆಫೀಸ್ ಕಂಪ್ಯೂಟರಿನಲ್ಲಿ ವಂಶಾವಳಿ ತೆರೆದು ನೋಡಿದ ದಿನ ನಮ್ಮ ಪೂರ್ವಜರೆಲ್ಲ ಲಂಡನ್ನಿನಲ್ಲಿ ಸಾಲ ಮಾಡಿದವರ ಹಾಗೆ ಕಂಡರು. ಹಾಗಾಗಿ ಇದನ್ನೇ ಎಬ್ಬಿಸಬೇಕಿತ್ತು.

ಮೊದಲು ಭಾವನಿಗೆ ಫೋನ್. ಅವರು ಬೆಂಗಳೂರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.

‘ರೀಸ್ಟಾರ್ಟ್ ಮಾಡಿ ನೋಡಿದ್ರಾ?’

‘ಸ್ಟಾರ್ಟೇ ಆಗ್ತಿಲ್ಲ ಭಾವ.’

‘ಓ... ಹಂಗಾದ್ರೆ ಡ್ರೈವರ್ ಅಪ್‌ಡೇಟ್ ಮಾಡಿ.’

ಆಮೇಲೆ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಮುಚ್ಚಳ ಬಿಚ್ಚಲಿಲ್ಲ. ಬಟನ್ ಒತ್ತಿ, ಕಿವಿ ಹತ್ತಿರ ಇಟ್ಟುಕೊಂಡು, ‘ಮದರ್‌ಬೋರ್ಡ್ ಹೋಗಿದೆ ಸರ್’ ಅಂದ. ಎಲ್ಲ ಭಾಗಗಳನ್ನೂ ಕೂಡಿಸುವ ಆ ಮುಖ್ಯ ಬೋರ್ಡಿಗೆ ಅವನು ಹೇಳಿದ ರೇಟಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರುತ್ತಿತ್ತು. ಬ್ಯಾಗಿಗೆ ಹಾಕಿಕೊಂಡು ಬಂದೆ.

ಪಕ್ಕದ್ಮನೆ ಅಂಕಲ್‌ಗೆ ಸುದ್ದಿ ಹೇಗೆ ಗೊತ್ತಾಯಿತೋ, ಸ್ಕ್ರೂಡ್ರೈವರ್ ಹಿಡಿದೇ ಬಂದರು. ಮೊದಲು ಚಾರ್ಜರ್ ಕೀಳಿಸಿ, ಬ್ಯಾಟರಿ ತೆಗೆಸಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿ ಅಂದರು. ಕರೆಂಟೇ ಇಲ್ಲದ ಯಂತ್ರದ ಬಟನ್ ಒತ್ತುವುದಾ ಅಂತ ಅಮ್ಮ ನಕ್ಕರು. ಒಳಗೆ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯಲಿಕ್ಕೆ ಅದು, ನಿಜವಾದ ಮದ್ದೇ. ನಮ್ಮದಕ್ಕೆ ಮಾತ್ರ ನಾಟಲಿಲ್ಲ.

ತಳದ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಸುತ್ತ ಧೂಳು ಪದರ ಪದರವಾಗಿ ಕೂತಿತ್ತು. ಮಧ್ಯದಲ್ಲೊಂದು ಸಾಸಿವೆ ಕಾಳು. ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅಂಕಲ್ ರ‍್ಯಾಮ್‌ನ ಎರಡೂ ಪಟ್ಟಿಗಳನ್ನು, ಅಂದರೆ ಯಂತ್ರದ ತಾತ್ಕಾಲಿಕ ನೆನಪಿನ ಚಿಪ್ಪುಗಳನ್ನು, ಕಿತ್ತು ಮೇಜಿನ ಮೇಲಿಟ್ಟರು. ‘ಈಗ ಆನ್ ಮಾಡು.’

ಬೀಪ್. ಬೀಪ್. ಬೀಪ್.

‘ಬಾಯಿ ಬಂತು!’ ಅಂದರು ಅಪ್ಪ. ಅಂಕಲ್ ಲೆಕ್ಕಾಚಾರ ಸರಳವಾಗಿತ್ತು. ರ‍್ಯಾಮ್ ಇಲ್ಲ ಅಂತ ದೂರು ಕೊಡುತ್ತಿದೆ ಅಂದರೆ ಮದರ್‌ಬೋರ್ಡಿಗೆ ಜೀವ ಇದೆ. ಕಿವಿಯಲ್ಲೇ ರೋಗ ಹಿಡಿದ ಆ ಹುಡುಗನನ್ನು ಅಪ್ಪ ಅಲ್ಲಿಂದಲೇ ಬೈದರು.

ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅಲ್ಲಿ ಕೊಳೆ ಕೂತರೆ ಸಂಪರ್ಕ ತಪ್ಪುತ್ತದೆ. ಉಜ್ಜಲು ರಬ್ಬರ್ ಬೇಕು. ಮನೆಯಲ್ಲಿದ್ದದ್ದು ಅಕ್ಕನ ಮಗಳ ಸೆಂಟ್ ರಬ್ಬರ್ ಒಂದೇ. ಸ್ಟ್ರಾಬೆರಿ ಆಕಾರದ್ದು, ಹಸಿರು ಎಲೆ ಬೇರೆ. ಅವಳು ‘ಎಲೆ ಕಡೆಯಿಂದ ಉಜ್ಜಬಾರದು’ ಅನ್ನೋ ಷರತ್ತಿನ ಮೇಲೆ ಕೊಟ್ಟಳು. ಅಂಕಲ್ ನಿಧಾನಕ್ಕೆ ಉಜ್ಜಿ, ಊದಿ, ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರು. ಎರಡೂ ಕಡೆಯ ಕ್ಲಿಪ್ ಟಕ್ ಅಂತು. ಪರದೆ ಬೆಳಗಿತು. ಇಡೀ ಹಾಲ್ ಸ್ಟ್ರಾಬೆರಿ ವಾಸನೆ.

ಆದರೆ ತಾರೀಖು 2012ರ ಜನವರಿ 1. ಗಡಿಯಾರ ಕಾಯುವ ಒಳಗಿನ 3 ವೋಲ್ಟಿನ ನಾಣ್ಯದಂಥ ಸೆಲ್ ತೀರಿಹೋಗಿತ್ತು. ಯಾವ ವೆಬ್‌ಸೈಟ್ ತೆರೆದರೂ ‘ಸುರಕ್ಷಿತವಲ್ಲ’ ಅಂತ ಬ್ರೌಸರ್ ಬಾಗಿಲು ಹಾಕುತ್ತಿತ್ತು. ಸೈಟು ಅಸಲಿ ಅಂತ ಹೇಳುವ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲವಲ್ಲ! ಅಪ್ಪನಿಗೆ ಬೇಜಾರಿಲ್ಲ. ‘ಆಗ ನನಗಿನ್ನೂ ಸರ್ವೀಸ್ ಇತ್ತು, ಹಾಗೇ ಇರಲಿ ಬಿಡು’ ಅಂದರು.

ಮೊದಲು ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಸಿಗುತ್ತದೆ, ನಿಧಾನಕ್ಕೆ ಮಾಡಿದರಾಯಿತು.

ಅಂಕಲ್ ಇನ್ನೂ ಎದ್ದಿರಲಿಲ್ಲ. ‘ಆ ಸೆಲ್ ಕೀಬೋರ್ಡ್ ಅಡಿಯಲ್ಲಿರುತ್ತೆ. ಪೂರ್ತಿ ಬಿಚ್ಚಿದ್ರೆ ಸಿಗುತ್ತೆ’ ಅಂತ ತೋಳು ಮಡಚಿದರು. ಮೇಜಿನ ಮೇಲೆ ಆಗಲೇ ಒಂದು ಸ್ಕ್ರೂ ಮಿಕ್ಕಿತ್ತು. ಅಮ್ಮ ಕಾಫಿ ಲೋಟ ಅವರ ಮುಂದಿಟ್ಟು, ಸ್ಕ್ರೂಡ್ರೈವರ್ ಎತ್ತಿಕೊಂಡು ಸೀದಾ ಅಡುಗೆಮನೆಗೆ ನಡೆದರು.